ಮಂಡಿ ನೋವಿಗೆ ವಾಕಿಂಗ್ ಬಿಡಬೇಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ತೂಕ 76 ಕೆ.ಜಿ. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಎರಡೂ ಮಂಡಿ ನೋವು. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಸಾಕಪ್ಪಾ ಸಾಕು ಅನ್ನಿಸುತ್ತದೆ. ಬೆಳಿಗ್ಗೆ ಬಿಗಿದಂತಿರುತ್ತದೆ, ಹತ್ತು ನಿಮಿಷ ಓಡಾಡಿದರೆ ಸಡಿಲ. ಮಡಚಿದರೆ ಕಟಕಟ ಸದ್ದು. ಎಕ್ಸ್‌ರೇ ನೋಡಿ ‘ಸವೆದಿದೆ’ ಎಂದರು. ಇನ್ನಷ್ಟು ಸವೆದೀತೆಂದು ವಾಕಿಂಗ್ ಬಿಟ್ಟಿದ್ದೇನೆ. ನೋವು ಜಾಸ್ತಿಯಾದ ದಿನ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುತ್ತೇನೆ. ಮಗ ಆಪರೇಷನ್ ಮಾಡಿಸೋಣ ಅನ್ನುತ್ತಾನೆ. ಏನು ಮಾಡಲಿ?
– ಗೃಹಿಣಿ, ತಿಪಟೂರು

ಉತ್ತರ: ವಾಕಿಂಗ್ ಮತ್ತೆ ಶುರು ಮಾಡಿ ತಾಯಿ, ಮೆಡಿಕಲ್ ಶಾಪಿನ ಮಾತ್ರೆ ನಿಲ್ಲಿಸಿ. ಆಪರೇಷನ್ ಮಾತು ಆಮೇಲೆ.

ನೀವು ಹೇಳಿದ್ದೆಲ್ಲ ಮಂಡಿಯ ಸವೆತದ ಲಕ್ಷಣಗಳೇ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಇದೇ ತೊಂದರೆ. ಗಂಟೆಗಟ್ಟಲೆ ಬಿಗಿದಿದ್ದು ಕೈಬೆರಳ ಗೆಣ್ಣುಗಳೂ ಊದಿಕೊಂಡರೆ ಅದು ಬೇರೆ ಬಗೆಯ ಸಂಧಿವಾತ, ಅದರ ಔಷಧಿಯೂ ಬೇರೆ. ನೋವಿಲ್ಲದ ಕಟಕಟ ಸದ್ದಿಗೆ ಹೆದರಬೇಕಿಲ್ಲ. ಎಕ್ಸ್‌ರೇಗೂ ಅಷ್ಟೇ: ಚಿತ್ರದಲ್ಲಿ ಮಂಡಿ ಪೂರಾ ಸವೆದವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದುಂಟು, ಅಲ್ಪಸ್ವಲ್ಪ ಸವೆದವರು ಮಂಚ ಬಿಟ್ಟು ಏಳದಿರುವುದೂ ಉಂಟು. ಚಿಕಿತ್ಸೆ ನಿಮಗೆ, ಫಿಲ್ಮಿಗಲ್ಲ.

ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಒತ್ತಡ ಬಿದ್ದು, ಎತ್ತಿದಾಗ ಬಿಡುಗಡೆಯಾಗಿ, ಕೀಲಿನೊಳಗಿನ ದ್ರವ ಓಡಾಡಿದರೇ ಅದಕ್ಕೆ ಪೋಷಣೆ. ನೀವು ಕೂತುಬಿಟ್ಟರೆ ಅದಕ್ಕೂ ಉಪವಾಸ. ಅದಕ್ಕಿಂತ ದೊಡ್ಡ ನಷ್ಟ ತೊಡೆಯ ಮುಂಭಾಗದ ಸ್ನಾಯುವಿನದು. ಮೆಟ್ಟಿಲು ಇಳಿಯುವಾಗ ದೇಹದ ಭಾರವನ್ನು ತಡೆದು ಹಿಡಿಯುವುದು ಅದೇ. ಅದು ಸೊರಗಿದರೆ ಹೊರೆಯೆಲ್ಲ ಮಂಡಿಗೆ ಬೀಳುತ್ತದೆ, ನೋವು ಹೆಚ್ಚುತ್ತದೆ, ನೋವಿಗೆ ಹೆದರಿ ನೀವು ಇನ್ನೂ ಕೂರುತ್ತೀರಿ.

ಆದ್ದರಿಂದ ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ. ತೊಡೆ ಬಿಗಿ ಹಿಡಿದು ಹತ್ತು ಎಣಿಸಿ, ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಮಾಡುವಾಗ ಒಂದಿಷ್ಟು ನೋವಾದರೆ ಪರವಾಗಿಲ್ಲ. ಮಾರನೇ ದಿನವೂ ನೋವು ಇಳಿಯದಿದ್ದರೆ ಅಥವಾ ಮಂಡಿ ಊದಿದರೆ ಮಾತ್ರ ಕಡಿಮೆ ಮಾಡಿ. ಗುಣ ಗೊತ್ತಾಗಲು ಆರರಿಂದ ಎಂಟು ವಾರ ಬೇಕು. ನಮ್ಮಲ್ಲಿ ಬಹುತೇಕರು ಎರಡನೇ ವಾರಕ್ಕೇ ಕೈಬಿಡುತ್ತಾರೆ! ಸಮತಟ್ಟು ದಾರಿಯಲ್ಲಿ ದಿನಕ್ಕೆ ಹತ್ತು ನಿಮಿಷದಿಂದ ವಾಕಿಂಗ್ ಶುರು ಮಾಡಿ. ಕೋಲು ಬೇಕಾದರೆ ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಿತವೆನಿಸುತ್ತದೆ ನಿಜ, ಆದರೆ ಕಾಲು ಮಡಚಿದಂತೆಯೇ ಕೂತುಬಿಡುತ್ತದೆ. ಬೇಡ.

ತೂಕದಲ್ಲಿ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ನಿಮ್ಮದು ನಾಲ್ಕೈದು ಕೆ.ಜಿ. ಇಳಿದರೂ ವ್ಯತ್ಯಾಸ ಕಾಣುತ್ತೀರಿ. ರಂಗೋಲಿ, ಈಳಿಗೆಮಣೆ, ಬಟ್ಟೆ ಒಗೆತ, ಇವಕ್ಕೆಲ್ಲ ಕುಕ್ಕರಗಾಲಲ್ಲಿ ಕೂರುವುದನ್ನು ಬಿಡಿ. ಕಮೋಡ್ ಬಳಸಿ.

ಇನ್ನು ಮಾತ್ರೆ. ಹೀಗೆ ಕೇಳಿ ತರುವ ನೋವಿನ ಮಾತ್ರೆಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ, ಅದರಲ್ಲಿ ರಕ್ತಕ್ಕೆ ಸೇರುವ ಔಷಧಿ ಬಹಳ ಕಡಿಮೆ. ಮಾತ್ರೆ ಬೇಕೇ ಆದರೆ ನಿಮ್ಮ ವೈದ್ಯರೇ ಬರೆದುಕೊಡಲಿ.

ಪ್ರಶ್ನೆ: ನನ್ನ ತಂದೆಗೆ 70. ಮಂಡಿಯೊಳಗೆ ಇಂಜೆಕ್ಷನ್ ಕೊಡಿಸಿ ಅಥವಾ ‘ದುರ್ಬೀನು ಹಾಕಿ ಕ್ಲೀನ್’ ಮಾಡಿಸಿ ಎಂದು ಬಂಧುಗಳು ಹೇಳುತ್ತಾರೆ. ಕೀಲು ಬದಲಿಸುವುದು ಯಾವಾಗ?
– ಶಿಕ್ಷಕ, ಹಾವೇರಿ

ಉತ್ತರ: ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದ ಕೆಲವು ವಾರ ನೋವು ತಗ್ಗುತ್ತದೆ. ಮನೆಯಲ್ಲಿ ಮದುವೆ ಇದೆ, ಓಡಾಡಬೇಕು ಎಂದಾಗ ಒಮ್ಮೆ ಸರಿ. ಪದೇ ಪದೇ ಕೊಡಿಸಿದರೆ ಮೃದ್ವಸ್ಥಿ ತೆಳ್ಳಗಾಗಬಹುದು. ಕೀಲಿಗೆ ಜಾರುವಿಕೆ ಕೊಡಲೆಂದು ಹಾಕುವ ಜೆಲ್ ಇಂಜೆಕ್ಷನ್, ರೋಗಿಯದೇ ರಕ್ತದಿಂದ ತಯಾರಿಸಿ ಕೊಡುವ ಪಿ.ಆರ್.ಪಿ. ಎರಡೂ ದುಬಾರಿ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿ.ಆರ್.ಪಿ. ಬರೀ ಸಲೈನಿಗಿಂತ ಹೆಚ್ಚಿನದೇನೂ ಮಾಡಲಿಲ್ಲ. ‘ಕ್ಲೀನ್’ ಮಾಡುವುದರ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳಲ್ಲಿ ಕೆಲವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ, ಒಳಗೆ ಏನೂ ಮಾಡದೆ ಹೊಲಿದರು. 2002ರಲ್ಲಿ ಬಂದ ಫಲಿತಾಂಶದಂತೆ ಅವರಿಗೂ ನಿಜವಾದ ಆಪರೇಷನ್ ಆದವರಷ್ಟೇ ಗುಣ! ಬರೀ ಸವೆತಕ್ಕೆ ದುರ್ಬೀನು ಬೇಡ.

ವ್ಯಾಯಾಮ, ತೂಕ, ಔಷಧಿ ಎಲ್ಲವನ್ನೂ ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ರಾತ್ರಿ ನಿದ್ದೆಗೆಡುವಷ್ಟು ನೋವು, ಮನೆಯೊಳಗಿನ ಓಡಾಟವೂ ಕಷ್ಟ ಎಂದಾದರೆ ಕೀಲು ಬದಲಾವಣೆ ಒಳ್ಳೆಯ ಚಿಕಿತ್ಸೆ. ಬಹುಪಾಲು ಕೃತಕ ಕೀಲುಗಳು 20 ವರ್ಷ ದಾಟಿ ಬಾಳುತ್ತವೆ. ಆದರೆ ಚಕ್ಕಳಮಕ್ಕಳ ಹಾಕಿ ಕೂರುವುದು ಮತ್ತೆ ಕಷ್ಟವೇ. ಅದನ್ನು ತಂದೆಗೆ ಮೊದಲೇ ಹೇಳಿ. ಕೃತಕ ಕೀಲಿಗೆ 2017ರಿಂದ ಸರ್ಕಾರದ ಬೆಲೆ ಮಿತಿ ಇದೆ, ಅಂದಾಜು ಪಟ್ಟಿಯಲ್ಲಿ ಅದರ ದರವನ್ನು ಬೇರೆಯಾಗಿಯೇ ಬರೆಸಿಕೊಳ್ಳಿ. ಇವೆಲ್ಲದರ ನಡುವೆ ಮಂಡಿ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.