ಅಜ್ಜನ ಹೂವು ಸೂಟಕೇಸಿನ್ಯಾಗ ಬ್ಯಾಡವಾ

ತಂಗೀ, ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೊಂಟೀಯಂತ ಕೇಳಿ ಸಂತೋಷ ಆತು. ಉಳಿದ ಸಾಮಾನಿನ ಚಿಂತಿ ನನಗಿಲ್ಲ, ಅಂಟಿನುಂಡಿ ಕಟ್ಟೂದು ನನಗಿಂತ ನಿನಗ ಛಲೋ ಗೊತ್ತೈತಿ. ಆದ್ರ ನವಲಗುಂದದ ನಾಗಲಿಂಗಜ್ಜನ ಹೆಸರಿನ್ಯಾಗ ಎರಡು ನಾಗಲಿಂಗ ಹೂವು, ಒಂದು ಹಿಡಿ ಬಿಲ್ವಪತ್ರಿ ಒದ್ದಿ ಅರಿವ್ಯಾಗ ಸುತ್ತಿ, ಸೀರಿ ನಡುವ ಇಟಗೊಂಡು ಹೋಗತೀನಿ ಅಂದೀಯಂತ. ಅದಕ್ಕಷ್ಟ ಈ ಮಾತು. ಇಟಗೋಬ್ಯಾಡ.

ಮೊದಲನೇದು, ಆ ಹೂವಿನ ಆಯುಷ್ಯನ ಒಂದು ದಿನದ್ದು. ಮುಂಜಾನೆ ಬೊಡ್ಡಿಗೆ ಹತ್ತಿ ಘಮ್ ಅಂತ ಅರಳಿರತೈತಿ, ಮರುದಿನ ಬುಡಕ್ಕ ಬಿದ್ದಿರತೈತಿ. ನೀ ಬೆಂಗಳೂರಾಗ ವಿಮಾನ ಹತ್ತೂದ್ರಾಗ ಕರ್ರಗ ಆಗಿ ಲೋಳಿ ಬಿಟ್ಟಿರತೈತಿ. ಹೂವಿನ್ಯಾಗ ಜೇನಂತೂ ಇರೂದಿಲ್ಲ. ಹೂವಿನ ನಾಗರ ಹೆಡಿಯಂಥಾ ಭಾಗದ ಒಳಗಿನ ಪರಾಗ ದುಂಬಿಗೆ ಊಟಕ್ಕಷ್ಟ. ಬೀಜ ಕಟ್ಟೂ ಪರಾಗ ನಡುವಿನ ಲಿಂಗದ ಸುತ್ತ ಇರತೈತಿ. ಇಂಥಾ ಹೂವನ್ನ ಗಿಡದ ಬುಡಕ್ಕ ನಿಂತು ನೋಡಬೇಕು.

ಇನ್ನೊಂದು ಹೇಳತೀನಿ, ಸಿಟ್ಟಾಗಬ್ಯಾಡ. ಅಜ್ಜನಿಗೂ ಈ ಹೂವಿಗೂ ಗಂಟು ಹಾಕಿದಾಕಿ ನೀನು. ನಾಗಲಿಂಗಜ್ಜ ಶಿಶುನಾಳ ಶರೀಫರ, ಸಿದ್ಧಾರೂಢರ ಕಾಲದಾವ; ಅವನ ಲೀಲೆ ಹೇಳಾಕ ಕುಂತರ ಬೆಳಗು ಹರಿತೈತಿ. ಗಿಡ ಮಾತ್ರ ದಕ್ಷಿಣ ಅಮೆರಿಕಾದ್ದು. ಫ್ರೆಂಚ್ ಸಸ್ಯಶಾಸ್ತ್ರಿ ಔಬ್ಲೆ 1775ರಾಗ ಗಯಾನಾದ ಹೆಸರ ಹಚ್ಚಿ ಅದನ್ನ ಪುಸ್ತಕಕ್ಕ ಸೇರಿಸಿದ. ಶ್ರೀಲಂಕಾದ ಬೌದ್ಧರು ಅದನ್ನ ಬುದ್ಧನ ಸಾಲವೃಕ್ಷ ಅಂತ ಕೈ ಮುಗಿತಾರ, ನಾವು ಶಿವನ ಹೂವು ಅಂತ ಮುಗಿತೀವಿ. ಬಂದ ಗಿಡಕ್ಕ ಎರಡೂ ಕಡೆ ಮರ್ಯಾದಿ ಸಿಕ್ಕೈತಿ, ಅದು ನನಗೇನೂ ಕೆಟ್ಟ ಅನಸಿಲ್ಲ.

ನನಗ ಖರೇ ಹೆದರಿಕಿ ಬಿಲ್ವಪತ್ರಿದು. ಬಿಲ್ವ, ಕರಿಬೇವು, ಲಿಂಬಿ, ಕಿತ್ತಳೆ ಎಲ್ಲಾ ಒಂದ ಮನೆತನ. ಈ ಎಲಿಗಳ ಚಿಗುರಿನ್ಯಾಗ ಸಣ್ಣ ಹೇನಿನಂಥಾ ಹುಳ ಮೊಟ್ಟಿ ಇಡತೈತಿ, ಅದು ಕಿತ್ತಳೆ ಗಿಡಕ್ಕ ಹಸಿರು ರೋಗ ದಾಟಸತೈತಿ. ಫ್ಲಾರಿಡಾದಾಗ ಆ ರೋಗ 2005ರಾಗ ಕಾಣಿಸಿಕೊಂತು. ಮುಂದ ಇಪ್ಪತ್ತು ವರ್ಷದಾಗ, ಬಿರುಗಾಳಿಯ ಹೊಡೆತಾನೂ ಸೇರಿ, ಅಲ್ಲಿಯ ಕಿತ್ತಳೆ ಬೆಳಿ ಹತ್ತರಾಗ ಒಂದು ಪಾಲಿಗೆ ಬಂದು ನಿಂತಿತು. ಅದಕ್ಕ ಅಮೆರಿಕಾದವರು ನಮ್ಮ ಕರಿಬೇವು, ಬಿಲ್ವಪತ್ರಿ ಒಳಗ ಬಿಡೂದಿಲ್ಲ. ದೇವರದು ಅಂದ್ರೂ ಹುಳಕ್ಕ ಗೊತ್ತಾಗಬೇಕಲ್ಲ?

ಅವರದು ಅತಿಯಾತು ಅನಬ್ಯಾಡ. ನಮ್ಮ ಎರಿ ಹೊಲದಾಗ ಎಷ್ಟು ಕಿತ್ತರೂ ಮತ್ತ ಏಳೂ ಕಾಂಗ್ರೆಸ್ ಕಸ ಎಲ್ಲಿದು? 1950ರ ದಶಕದಾಗ ಅಮೆರಿಕಾದ ಗೋದಿ ಜೋಡಿ ಬಂತಂತಾರ, ಪುಣೆದಾಗ ಮೊದಲ ಕಂಡಿತು. ಮೈ ತುರಿಸಿಕೊಂತ ಅದನ್ನ ಕಿತ್ತ ಕೈ ನಮ್ಮವು. ಗಡಿಯಾಗ ಯಾರರ ಒಬ್ಬರು ಕಾಳು ಸೋಸಿದ್ರ ಆ ಕಸ ಇಲ್ಲಿಗೆ ಬರತಿರಲಿಲ್ಲ.

ಶ್ರೀಶೈಲಕ್ಕ ಮಲ್ಲಯ್ಯನ ಕಂಬಿ ಹೊತ್ತು ಪಾದಯಾತ್ರಿ ಹೋಗೂವಾಗ ಆಂಧ್ರದ ಗಡಿ ದಾಟಿದ್ದ ತಿಳಿಯೂದಿಲ್ಲ, ಬುಟ್ಟಿ ತುಂಬ ಮಲ್ಲಿಗಿ ಒಯ್ದರೂ ಯಾರೂ ಕೇಳೂದಿಲ್ಲ. ಸಮುದ್ರ ದಾಟೂದು ಬ್ಯಾರೆ. ಹೂವನ್ನ ಕಾಯ್ದೆ ಪ್ರಕಾರ ಕಳಸೂವರು ಸಸ್ಯ ಸಂಗರೋಧ ಕೇಂದ್ರದಾಗ ತೋರಿಸಿ, ರೋಗ ಇಲ್ಲಂತ ಪ್ರಮಾಣಪತ್ರ ತಗೊಂಡು ಕಳಸ್ತಾರ. ಅದು ವ್ಯಾಪಾರಸ್ಥರ ದಾರಿ, ಎರಡು ಹೂವಿಗೆ ಆಗೂ ಕೆಲಸಲ್ಲ. ಬೀಜ ಒಯ್ಯೂ ವಿಚಾರನೂ ಬಿಡು.

ಮನಸ್ಸು ಕೇಳಲಿಲ್ಲಂದ್ರ ನವಲಗುಂದದ ಜಮಖಾನ ಒಂದು ಒಯ್ಯಿ. ಹತ್ತಿ ನೂಲಿಂದು, ನವಿಲಿನ ಚಿತ್ತಾರ ಇರೂದು ಆರಿಸು. ಊರಾಗ ಅದನ್ನ ನೇಯೂ ಹೆಣ್ಣಮಕ್ಕಳು ಈಗ ಭಾಳ ಕಡಿಮಿ ಆಗ್ಯಾರ, ಅವರಿಗೂ ನಾಕು ರೊಕ್ಕ ಸಿಗತಾವ. ಕೂಸು ಅದರ ಮ್ಯಾಲ ಮಗ್ಗಲಾ ಹೊರಳಲಿ. ಪೂಜಿಗೆ ಅಲ್ಲೇ ಬೆಳೆದ ಹೂವು ಸಾಕು. ಕಲ್ಯಾಣದಾಗ ಶರಣರ ಪೂಜಿಗೆ ಹೂವು ಕೊಡತಿದ್ದ ಹೂಗಾರ ಮಾದಯ್ಯ ಗಯಾನಾದ ಗಿಡಾನ ಕಂಡಾವಲ್ಲ. ಸುತ್ತ ಅರಳಿದ್ದನ್ನ ಕಿತ್ತು ಕೊಡತಿದ್ದ.

ವಿಮಾನ ಇಳಿದ ಮ್ಯಾಲ ತಿನ್ನೂದು, ಗಿಡದ್ದು ಏನೈತಿ ಅಂತ ಅಧಿಕಾರಿ ಕೇಳಿದ್ರ ಇದ್ದದ್ದೆಲ್ಲಾ ಹೇಳು. ಹೇಳಿದ್ರ ಬ್ಯಾಡಾದ ಸಾಮಾನು ಅಷ್ಟ ತಗೋತಾರ, ಮುಚ್ಚಿಟ್ಟು ಸಿಕ್ಕರ ದಂಡ ಬೀಳತೈತಿ. ಇಂಗ್ಲಿಷ್ ಬರೂದಿಲ್ಲಂತ ಸುಮ್ಮನ ನಿಂದರಬ್ಯಾಡ. ಸಾಮಾನಿನ ಪಟ್ಟಿ ಅಳಿಯನ ಕಡಿಂದ ಇಂಗ್ಲಿಷಿನ್ಯಾಗ ಬರೆಸಿ, ಪಾಸ್‌ಪೋರ್ಟ್ ಜೋಡಿನ ಇಟಗೋ.