ಕೊಟ್ಟಿಗೆ ಕೆಲಸಕ್ಕೆ ಕಬ್ಬಿಣ ಕತ್ತರಿಸುವಾಗ: ಯಾವುದಕ್ಕೆ ಯಾವ ಸಾಧನ?



ಕಬ್ಬಿಣದ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲೇ ಕಬ್ಬಿಣದ ಉತ್ಪಾದನೆ ಶುರುವಾಯಿತು. ನಮ್ಮ ಡೇರಿ ಇರುವ ಮಾಚೇನಹಳ್ಳಿಯೂ ಕೈಗಾರಿಕಾ ಪ್ರದೇಶವೇ. ಈಗ ಹಳ್ಳಿಯ ಮನೆಗಳಲ್ಲೂ ಗ್ರೈಂಡರ್ ಬಂದಿದೆ. ಗೋದಲಿಯ ಅಡ್ಡಪೈಪು ಮುರಿದರೆ, ಚಾವಣಿಯ ಶೀಟ್ ಬದಲಿಸಬೇಕಾದರೆ ನಾವೇ ಮಾಡಿಕೊಳ್ಳಬಹುದು ಅನ್ನಿಸುತ್ತದೆ. ಮಾಡಿಕೊಳ್ಳಬಹುದು ಕೂಡ. ಆದರೆ ಹೈನುಗಾರರ ಮನೆಯಲ್ಲಿ ಹುಲ್ಲು ಮತ್ತು ರಾಸು ಎರಡೂ ಇರುತ್ತವೆ. ಬೇಗ ಆಗುವ ವಿಧಾನವೇ ಒಳ್ಳೆಯದು ಎನ್ನುವಂತಿಲ್ಲ. ನಾಲ್ಕು ವಿಧಾನಗಳನ್ನು ಹೋಲಿಸಿ ನೋಡೋಣ.

1. ಹ್ಯಾಕ್ಸಾ (ಕೈಗರಗಸ)

ಒಂದೆರಡು ಪೈಪು, ಆಂಗಲ್ ಅಥವಾ ಸರಳು ಕತ್ತರಿಸಲು ಇದು ಸಾಕು. ಕಿಡಿ ಹಾರುವುದಿಲ್ಲ, ಕರೆಂಟ್ ಬೇಡ. ಬ್ಲೇಡ್ ಕೊಳ್ಳುವಾಗ ಒಂದು ಇಂಚಿಗೆ ಎಷ್ಟು ಹಲ್ಲು ಎಂದು ಕೇಳಿ. ಗಟ್ಟಿ ಸರಳಿಗೆ 18, ಆಂಗಲ್ ಮತ್ತು ದಪ್ಪ ಪೈಪಿಗೆ 24, ತೆಳು ಪೈಪಿಗೆ 32 ಹಲ್ಲಿನದು ಹೊಂದುತ್ತದೆ. ಕತ್ತರಿಸುವ ಜಾಗದಲ್ಲಿ ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಕೂರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ.

ಹಲ್ಲುಗಳು ಮುಂದಕ್ಕೆ ಮುಖ ಮಾಡಿರುವಂತೆ ಬ್ಲೇಡ್ ಹಾಕಿ ಬಿಗಿ ಮಾಡಿ. ಪೈಪನ್ನು ವೈಸ್‌ನಲ್ಲಿ ಕಚ್ಚಿಸಿ. ಮುಂದೆ ತಳ್ಳುವಾಗ ಒತ್ತಿ, ಹಿಂದೆ ಎಳೆಯುವಾಗ ಹಗುರ ಬಿಡಿ. ಬ್ಲೇಡಿನ ಪೂರ್ತಿ ಉದ್ದ ಬಳಸಿ ನಿಮಿಷಕ್ಕೆ 40–50 ಸಲ ಸಾಕು. ಅವಸರ ಮಾಡಿದರೆ ಬ್ಲೇಡ್ ಬಿಸಿಯಾಗಿ ಮೊಂಡಾಗುತ್ತದೆ.

2. ತಗಡು ಕತ್ತರಿ

ಚಾವಣಿಯ ಬಣ್ಣದ ಶೀಟ್ ಮತ್ತು ಸತುವಿನ ಲೇಪನದ ತಗಡಿಗೆ ಇದೇ ಸರಿ. ಶೀಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಬಿಸಿ ಚೂರುಗಳು ಶೀಟಿನ ಮೇಲೆ ಅಂಟಿ ಅಲ್ಲಲ್ಲಿ ತುಕ್ಕು ಏಳುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಅದು ಬೇಗ ಹರಡುತ್ತದೆ. ತಗಡಿನ ಅಂಚು ಬ್ಲೇಡಿನಷ್ಟೇ ಹರಿತ, ಕೈಗೆ ದಪ್ಪ ಗ್ಲೌಸ್ ಇರಲಿ.

3. ಗ್ರೈಂಡರ್

ಹತ್ತಾರು ತುಂಡು ಕತ್ತರಿಸುವುದಿದ್ದರೆ, ತುಕ್ಕು ಹಿಡಿದ ಬೋಲ್ಟ್ ತೆಗೆಯುವುದಿದ್ದರೆ ಗ್ರೈಂಡರ್ ಬೇಕಾಗಬಹುದು. ನಾಲ್ಕು ಇಂಚಿನ ಯಂತ್ರದ ಡಿಸ್ಕ್ ನಿಮಿಷಕ್ಕೆ 10 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಒಡೆದರೆ ಚೂರು ಮುಖಕ್ಕೇ ಬಡಿಯಬಹುದು. ಆದ್ದರಿಂದ:

• ಗಾರ್ಡ್ ಬಿಚ್ಚಬೇಡಿ. ಗಾರ್ಡ್ ತೆಗೆದು ದೊಡ್ಡ ಡಿಸ್ಕ್ ಹಾಕುವುದು, ಮರ ಕೊಯ್ಯುವ ಬ್ಲೇಡ್ ಹಾಕುವುದು ಬೇಡವೇ ಬೇಡ.
• ಡಿಸ್ಕ್ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಅವಧಿ ಮುಗಿದ, ಬಿರುಕು ಬಿಟ್ಟ, ನೆನೆದ ಡಿಸ್ಕ್ ಎಸೆಯಿರಿ.
• ತೆಳು ಕಟಿಂಗ್ ಡಿಸ್ಕ್‌ನ ಪಕ್ಕದಿಂದ ಉಜ್ಜಬೇಡಿ. ಉಜ್ಜಲು ದಪ್ಪ ಡಿಸ್ಕ್ ಬೇರೆ ಇದೆ.
• ಕಣ್ಣಿಗೆ ಕನ್ನಡಕ ಹಾಕಿ. ಜಡೆ ಕಟ್ಟಿ, ಸೆರಗು ಅಥವಾ ದುಪಟ್ಟಾ ತೆಗೆದಿಟ್ಟು ಮೈಗೆ ಬಿಗಿಯಾದ ಹತ್ತಿ ಅಂಗಿ ತೊಡಿ. ನೈಲಾನ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.
• ತೊಳೆದ ಕೊಟ್ಟಿಗೆಯ ಒದ್ದೆ ನೆಲದಲ್ಲಿ ನಿಂತು ಕರೆಂಟಿನ ಯಂತ್ರ ಹಿಡಿಯಬೇಡಿ.

ಕಿಡಿಗಳು ಹತ್ತು ಮೀಟರ್ ದೂರಕ್ಕೂ ಹಾರಬಲ್ಲವು. ಹುಲ್ಲಿನ ಬಣವೆಯೊಳಗೆ ಹೊಕ್ಕ ಕಿಡಿ ತಕ್ಷಣ ಕಾಣದೆ, ಒಳಗೇ ಕನಲಿ ತಡವಾಗಿ ಹೊತ್ತಿಕೊಳ್ಳುತ್ತದೆ. ಬಣವೆ, ಕೊಟ್ಟಿಗೆಯಿಂದ ದೂರ ಬಯಲಿನಲ್ಲಿ ಕೆಲಸ ಮಾಡಿ. ನೀರಿನ ಬಕೆಟ್ ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಕಡೆ ಕಣ್ಣಿಡಿ.

4. ಗ್ಯಾಸ್ ಕಟಿಂಗ್

ದಪ್ಪ ಪ್ಲೇಟು, ಗರ್ಡರ್‌ಗಳಿಗೆ ಇದು ಬೇಕು, ಮನೆಯಲ್ಲಿ ಬೇಡ. ಅಂಥ ಕೆಲಸವನ್ನು ಶಿವಮೊಗ್ಗ ಅಥವಾ ಭದ್ರಾವತಿಯ ಫ್ಯಾಬ್ರಿಕೇಷನ್ ಅಂಗಡಿಗೆ ಕೊಡಿ. ಜಿ.ಐ. ಪೈಪಿಗೆ ಬೆಂಕಿ ತಾಗಿದರೆ ಸತುವಿನ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಡೀಸೆಲ್, ಪೆಟ್ರೋಲ್, ಥಿನ್ನರ್ ಇದ್ದ ಡ್ರಮ್ಮನ್ನು ನೀರಿನ ತೊಟ್ಟಿ ಮಾಡಲೆಂದು ಗ್ಯಾಸ್‌ನಿಂದಾಗಲಿ ಗ್ರೈಂಡರ್‌ನಿಂದಾಗಲಿ ಕತ್ತರಿಸಬೇಡಿ. ಖಾಲಿ ಡ್ರಮ್ಮಿನೊಳಗೆ ಉಳಿದ ಆವಿಯೇ ಸಿಡಿಯುತ್ತದೆ.

ಕತ್ತರಿಸಿದ ಮೇಲೆ: ರಾಸಿನ ಹೊಟ್ಟೆಗೆ ಹೋಗುವ ಕಬ್ಬಿಣ

ಯಾವ ವಿಧಾನವಾದರೂ ಇದನ್ನು ಮರೆಯಬಾರದು. ಆಡು ಎಲೆ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ, ನಾಲಿಗೆಯಲ್ಲಿ ಮೇವು ಸುತ್ತಿ ನುಂಗುತ್ತದೆ. ಮೇವಿನ ಜೊತೆ ಹೋದ ತಂತಿ ತುಂಡು ಅಥವಾ ಮೊಳೆ ಜೇನುಗೂಡಿನಂಥ ಒಳಮೈಯಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆ ಹಿಂಡಿದಾಗಲೆಲ್ಲ ಚೂಪು ತುದಿ ಗೋಡೆಗೆ ಚುಚ್ಚುತ್ತದೆ. ಅದರ ಮುಂದೆ ವಪೆಯ ಆಚೆಗೇ ಹೃದಯವಿದೆ. ತಂತಿ ಅಲ್ಲಿಗೆ ತಲುಪಿದರೆ ರಾಸು ಉಳಿಯುವುದು ಕಷ್ಟ. ಗಬ್ಬದ ಕೊನೆ ತಿಂಗಳಲ್ಲಿ, ಕರು ಹಾಕುವಾಗ ಒತ್ತಡದಿಂದ ಅಪಾಯ ಇನ್ನೂ ಹೆಚ್ಚು.

ಲಕ್ಷಣಗಳು: ಹಾಲು ದಿಢೀರನೆ ಇಳಿಯುವುದು, ಮೆಲುಕು ನಿಲ್ಲುವುದು, ಬೆನ್ನು ಬಾಗಿಸಿ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲು ಒಪ್ಪದೆ ನರಳುವುದು. ಆಮೇಲೆ ಎದೆಯ ಕೆಳಗೆ ಊತ. ಇವು ಕಂಡರೆ ಅಜೀರ್ಣವೆಂದು ಕಷಾಯ ಕುಡಿಸುತ್ತಾ ದಿನ ಕಳೆಯದೆ ಪಶುವೈದ್ಯರನ್ನು ಕರೆಸಿ. ಬೇಗ ತಿಳಿದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸಿ ಲೋಹವನ್ನು ಹಿಡಿದಿಡುವ ಅಥವಾ ಶಸ್ತ್ರಚಿಕಿತ್ಸೆಯ ದಾರಿ ಇದೆ.

ತಡೆಯಲು ಹೀಗೆ ಮಾಡಿ. ನೆಲದ ಮೇಲೆ ಹಳೆ ಟಾರ್ಪಾಲ್ ಹಾಸಿ ಅದರ ಮೇಲೆ ಹ್ಯಾಕ್ಸಾ ಕೆಲಸ ಮಾಡಿ. ಗ್ರೈಂಡರ್ ಆದರೆ ಬರಿ ಸಿಮೆಂಟ್ ನೆಲವೇ ಇರಲಿ, ಟಾರ್ಪಾಲ್ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಗ್ಗ ಕಟ್ಟಿ ನೆಲದ ಮೇಲೆ ಎಳೆಯಿರಿ. ಚೀಲವನ್ನು ಮಗುಚಿದರೆ ಅಂಟಿದ ಚೂರೆಲ್ಲ ಒಳಗೇ ಉಳಿಯುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಸ್ಟೀಲ್ ಪಾತ್ರೆಯ ಲೋಹವೂ ಬಹುಮಟ್ಟಿಗೆ ಅಂಟದು. ಅವನ್ನು ಕೈಯಿಂದ ಆರಿಸಿ. ಗುಡಿಸಿದ ಕಸ ತಿಪ್ಪೆಗೆ ಬೇಡ. ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಹುಲ್ಲಿನ ಜೊತೆ ಮತ್ತೆ ಗೋದಲಿಗೇ ಬರುತ್ತದೆ. ಡಬ್ಬದಲ್ಲಿ ಕೂಡಿಟ್ಟು ಗುಜರಿಗೆ ಕೊಡಿ.

ಕೊನೆಯದಾಗಿ, ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಬಣ್ಣ ಹಚ್ಚಿ. ಉಜ್ಜದೆ ಬಿಟ್ಟ ಅಂಚು ಕೆಚ್ಚಲು, ಮೊಲೆತೊಟ್ಟನ್ನು ಸೀಳುತ್ತದೆ. ಬಣ್ಣವಿಲ್ಲದ ತುದಿಯನ್ನು ಗಂಜಲ ಬೇಗ ತಿನ್ನುತ್ತದೆ.

ನೆನಪಿಡಿ: ಒಂದೆರಡು ಪೈಪಿಗೆ ಹ್ಯಾಕ್ಸಾ, ಶೀಟಿಗೆ ತಗಡು ಕತ್ತರಿ, ಹೆಚ್ಚು ಕೆಲಸವಿದ್ದರೆ ಬಯಲಿನಲ್ಲಿ ಗ್ರೈಂಡರ್, ದಪ್ಪದ್ದಕ್ಕೆ ಅಂಗಡಿ. ಚೂರು ಎಣಿಸಿ ಎತ್ತಿದ ಮೇಲೆಯೇ ರಾಸು ಕಟ್ಟಿ.