ಕೋತಿ ಕಾಟವೇ? ಆ ಅಪರೂಪದ ತುತ್ತನ್ನು ನಿಲ್ಲಿಸಿ

ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಕಿತ್ತು ಮಾಳಿಗೆ ಮೇಲೆ ಒಣಹಾಕಿದರೆ ಕೋಲು ಹಿಡಿದು ಒಬ್ಬರು ಕಾಯಲೇಬೇಕು. ಕೊರಟಗೆರೆಯ ಸಿದ್ಧರಬೆಟ್ಟ ಹತ್ತುವವರೂ ಕೈಚೀಲ ಎದೆಗವಚಿಕೊಂಡೇ ನಡೆಯಬೇಕು. ‘ನಾವೇನು ದಿನಾ ಹಾಕಲ್ಲ, ಯಾವಾಗಲೋ ಒಂದು ಬಾಳೆಹಣ್ಣು ಕೊಡ್ತೀವಿ ಅಷ್ಟೇ’ ಎನ್ನುತ್ತಾರೆ ಜನ. ಕಾಟ ಗಟ್ಟಿಯಾಗುವುದೇ ಅದರಿಂದ.

ಅಮೆರಿಕದ ಮನೋವಿಜ್ಞಾನಿಗಳಾದ ಬಿ.ಎಫ್. ಸ್ಕಿನ್ನರ್ ಮತ್ತು ಸಿ.ಬಿ. ಫರ್ಸ್ಟರ್ ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1957ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಕುಕ್ಕಿ ರೂಢಿಯಾದ ಹಕ್ಕಿ ಮಾತ್ರ ಬಹಳ ಹೊತ್ತು ಬಿಡುವುದಿಲ್ಲ. ಹತ್ತು ಮನೆ ಬರಿಗೈಯಲ್ಲಿ ತಿರುಗಿ ಹನ್ನೊಂದನೆಯದರಲ್ಲಿ ರೊಟ್ಟಿ ಚೂರು ಕಂಡ ಕೋತಿಯೂ ಹಾಗೆಯೇ.

ಮೊದಲು ಬೀದಿಯವರೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ. ಅಂದಿನಿಂದ ಯಾರೂ ಕೊಡಕೂಡದು. ಮಕ್ಕಳಿಗೂ, ಮಿಕ್ಕ ಮುದ್ದೆ ಎಸೆಯುವ ಅಜ್ಜಿಯರಿಗೂ ತಿಳಿಸಿ ಹೇಳಿ. ಒಂದು ಮನೆ ತಪ್ಪಿದರೂ ಉಳಿದವರ ಶ್ರಮ ವ್ಯರ್ಥ.

ಎರಡನೆಯದು, ಕದ್ದು ತಿನ್ನುವ ದಾರಿ ಮುಚ್ಚುವುದು. ಅಡುಗೆಮನೆ ಕಿಟಕಿಗೆ ಜಾಲರಿ, ಕಸದ ಡಬ್ಬಕ್ಕೆ ಮುಚ್ಚಳ, ಒಣಹಾಕಿದ ಕಡಲೆಕಾಯಿ, ಹುಣಸೆಹಣ್ಣಿನ ಮೇಲೆ ಬಲೆ.

ಮೂರನೆಯದೇ ಕಷ್ಟದ್ದು. ತುತ್ತು ನಿಂತ ಮೊದಲ ದಿನಗಳಲ್ಲಿ ಕಾಟ ಇನ್ನೂ ಹೆಚ್ಚಬಹುದು. ಹಂಚು ಎಳೆಯುತ್ತವೆ, ಬಾಗಿಲು ಬಡಿಯುತ್ತವೆ, ಹಲ್ಲು ತೋರಿಸಿ ಹೆದರಿಸುತ್ತವೆ. ‘ಹಾಳಾಗಿ ಹೋಗಲಿ, ತಗೋ’ ಎಂದು ಆಗ ಒಂದು ಹಣ್ಣು ಎಸೆದಿರೋ, ಹಂಚು ಎಳೆದರೆ ಹಣ್ಣು ಸಿಗುತ್ತದೆಂದು ನೀವೇ ಕಲಿಸಿಕೊಟ್ಟ ಹಾಗೆ. ಬಾಗಿಲು ಹಾಕಿಕೊಳ್ಳಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಕಣ್ಣಿಗೆ ಕಣ್ಣು ಕೊಟ್ಟು ದಿಟ್ಟಿಸಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

ಕಾಟ ತಣ್ಣಗಾದ ಕೆಲವು ವಾರಗಳ ಮೇಲೆ ಗುಂಪು ಮತ್ತೊಮ್ಮೆ ಬಂದು ನೋಡಬಹುದು. ಬಿಟ್ಟ ಅಭ್ಯಾಸ ಹೀಗೆ ಮರುಕಳಿಸುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ಪ್ರಯೋಗದ ನಾಯಿಗಳಲ್ಲೂ ಕಂಡಿದ್ದರು. ಆಗಲೂ ಏನೂ ಸಿಗದಿದ್ದರೆ ಬರುವುದು ಕಡಿಮೆಯಾಗುತ್ತಾ ಹೋಗುತ್ತದೆ.

ಯಾವಾಗಲೋ ಸಿಗುವ ತುತ್ತಿಗಾಗಿ ಪಟ್ಟು ಬಿಡದ ಇದೇ ಗುಣವನ್ನು ಸಾಕಿದ ಪ್ರಾಣಿಯಲ್ಲಿ ಒಳ್ಳೆಯದಕ್ಕೆ ಬಳಸಬಹುದು. ಕರೆದರೆ ಮೇಕೆ ಬರಬೇಕೆಂದರೆ ಮೊದಮೊದಲು ಬಂದಾಗಲೆಲ್ಲ ಒಂದು ಹಿಡಿ ಹುರುಳಿ ಕೊಡಿ. ಕಲಿತ ಮೇಲೆ ಆಗೊಮ್ಮೆ ಈಗೊಮ್ಮೆ ಸಾಕು.

ಶನಿವಾರ ಆಂಜನೇಯನ ಹೆಸರಿನಲ್ಲಿ ಹಣ್ಣು ಹಾಕುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ನಮ್ಮ ಈ ಕೋತಿ ಜಾತಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ; ಅದು ಬದುಕಬೇಕು. ಹಾಗಾಗಿ ಆ ಹಣ್ಣಿನ ದುಡ್ಡಿನಲ್ಲಿ ಬೆಟ್ಟದ ತಪ್ಪಲಲ್ಲಿ ಒಂದು ಅತ್ತಿ, ಒಂದು ಆಲ, ಒಂದು ನೇರಳೆ ಸಸಿ ನೆಟ್ಟು, ಎರಡು ಬೇಸಿಗೆ ನೀರು ಹಾಕಿ.